ಎರಡು ದ್ವೀಪಗಳಿಗೆ ಹನ್ನೊಂದು ಪೆಟ್ಟಿಗೆ

ನಾನು ಮೈಸೂರಿನಿಂದ ಹೊರಟದ್ದು ಟ್ರಿನಿಡಾಡ್ ಮತ್ತು ಟೊಬಾಗೊ ಎಂಬ ಜೋಡಿ ದ್ವೀಪಗಳನ್ನು ನೋಡಲಿಕ್ಕೆ. ನೋಡಿ ಬಂದದ್ದು ಅಬುಧಾಬಿ. ನಡುವೆ ಏನಾಯಿತು ಎಂದು ಕೇಳಿದವರಿಗೆಲ್ಲ ಒಂದೊಂದು ಥರ ಹೇಳಿ ಈಗ ನನಗೇ ಗೋಜಲಾಗಿದೆ. ಅದಕ್ಕೇ ಒಮ್ಮೆ ಕೂತು ಬರೆದುಬಿಡೋಣ ಅನ್ನಿಸಿತು.

ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಭೂಗೋಳ ಹೇಳಿಕೊಟ್ಟವಳು ನಾನು. ಗೋಡೆಯ ಭೂಪಟದಲ್ಲಿ ಕೆರಿಬಿಯನ್ ಸಮುದ್ರಕ್ಕೆ ಕಣ್ಣು ಮುಚ್ಚಿ ಕೋಲು ಇಡುತ್ತಿದ್ದೆ. ಆದರೆ ಕೋಲು ಇಡುವುದೇ ಬೇರೆ, ಕಾಲು ಇಡುವುದೇ ಬೇರೆ. ನನ್ನ ಹಳೆಯ ಗೆಳತಿ ವಾರಿಜಾ ಫೋನು ಮಾಡಿ ಆ ಹೆಸರು ಹೇಳಿದಾಗ ನನಗೆ ಮೊದಲು ನೆನಪಾದದ್ದು ವೆಸ್ಟ್ ಇಂಡೀಸ್ ಕ್ರಿಕೆಟ್ ತಂಡ, ಅಷ್ಟೇ.

ವಾರಿಜಾ ಉಡುಪಿ ಕಡೆಯವಳು. ಓದುವಾಗ ಮೈಸೂರಿನ ಹಾಸ್ಟೆಲಿನಲ್ಲಿ ಮೂರು ವರ್ಷ ನಾವಿಬ್ಬರೂ ಒಂದೇ ಕೋಣೆಯಲ್ಲಿದ್ದೆವು. ಮದುವೆಯಾಗಿ ಅವಳು ಅಬುಧಾಬಿ ಸೇರಿ ಇಪ್ಪತ್ತಾರು ವರ್ಷವಾಯಿತು. ಗಂಡ ಸದಾನಂದ ಮುಸಫ್ಫಾದ ಒಂದು ಕಬ್ಬಿಣದ ವರ್ಕ್‌ಶಾಪಿನಲ್ಲಿ ಸ್ಟೋರು ನೋಡಿಕೊಳ್ಳುತ್ತಾರೆ. ಒಬ್ಬಳೇ ಮಗಳು ದಿಶಾಗೆ ದುಬೈಯಲ್ಲಿ ಕೆಲಸ. ಅಪ್ಪ ಅಮ್ಮನನ್ನು ಎಲ್ಲಿಗಾದರೂ ಕಳಿಸಬೇಕೆಂದು ಹಟ ಹಿಡಿದವಳು ಅವಳೇ.

"ಇಪ್ಪತ್ತಾರು ವರ್ಷ ಲೀವ್ ಅಂದ್ರೆ ಊರು, ಊರು ಅಂದ್ರೆ ಅಡುಗೆ ಮನೆ," ಎಂದಳು ವಾರಿಜಾ ಫೋನಿನಲ್ಲಿ. "ಒಂದು ಸಲ ಮದುವೆ, ಇನ್ನೊಂದು ಸಲ ಗೃಹಪ್ರವೇಶ, ಮತ್ತೊಂದು ಸಲ ಯಾರದ್ದೋ ಆಪರೇಷನ್. ನಾನು ದೊಡ್ಡ ಸೊಸೆ ಅಲ್ವಾ. ಈ ಸಲ ದಿಶಾ ಕೇಳಿದ್ಳು, ಅಮ್ಮ ನಿಂಗೆ ಎಲ್ಲಿಗೆ ಹೋಗ್ಬೇಕು ಅಂತ. ನಾನು ಹೇಳಿದೆ, ನಮ್ಮವರು ಯಾರೂ ಇಲ್ಲದ ಜಾಗ ಹುಡುಕು ಅಂತ. ಹನ್ನೆರಡು ದಿನ ನನ್ನನ್ನು ಯಾರೂ ಅತ್ತಿಗೆ, ಚಿಕ್ಕಮ್ಮ ಅಂತ ಕರೀಬಾರ್ದು. ಬೇರೆ ಎಂತ ಬೇಡ ಮಾರಾಯ್ತಿ ನಂಗೆ."

"ಮತ್ತೆ ನಾನ್ಯಾಕೆ?" ಎಂದೆ.

"ನೀನು ನನ್ನನ್ನು ವಾರಿಜಾ ಅಂತ ಕರೀತೀಯಲ್ಲ ಲಲಿತಾ, ಅದಕ್ಕೆ."

ಇಷ್ಟು ಕೇಳಿದ ಮೇಲೆ ಬರುವುದಿಲ್ಲ ಎನ್ನುವುದು ಹೇಗೆ?

ಹಮ್ದಾನ್ ಸ್ಟ್ರೀಟ್

ಅವರ ಮನೆ ಹಮ್ದಾನ್ ಸ್ಟ್ರೀಟಿನ ಹಳೆಯ ಕಟ್ಟಡವೊಂದರ ಮೂರನೇ ಮಹಡಿಯಲ್ಲಿ. ಒಳಗೆ ಕಾಲಿಟ್ಟರೆ ಕಾಲಿಡಲು ಜಾಗವಿಲ್ಲ. ಹಾಲಿನ ತುಂಬ ರಟ್ಟಿನ ಪೆಟ್ಟಿಗೆಗಳು. ಎಣಿಸಿದೆ, ಹನ್ನೊಂದು. ಕೆಲವಕ್ಕೆ ಆಗಲೇ ನೈಲಾನ್ ಹಗ್ಗ ಬಿಗಿದು, ನಾಲ್ಕೂ ಬದಿಗೆ ಕಪ್ಪು ಮಾರ್ಕರಿನಲ್ಲಿ ದಪ್ಪಗೆ ಸದಾನಂದರ ಹೆಸರು ಬರೆದಿತ್ತು.

"ಮನೆ ಖಾಲಿ ಮಾಡ್ತಿದ್ದೀರಾ?" ಎಂದು ಕೇಳಿದೆ.

"ಇಲ್ಲ ಟೀಚ್ರೇ, ಲೀವಿಗೆ ಹೋಗ್ಲಿಕ್ಕೆ ಉಂಟಲ್ಲ, ಅದರ ಪ್ಯಾಕಿಂಗ್," ಎಂದರು ಸದಾನಂದ. ಅವರಿಗೆ ನಾನು ಮೊದಲಿನಿಂದಲೂ ಟೀಚ್ರೇ.

ಪೆಟ್ಟಿಗೆಗಳಲ್ಲಿ ಹಾಲಿನ ಪುಡಿ, ಕಿತ್ತಳೆ ಶರಬತ್ತಿನ ಪುಡಿ, ನೋವಿನ ಎಣ್ಣೆಯ ಸಣ್ಣ ಸಣ್ಣ ಸೀಸೆ, ಖರ್ಜೂರ, ಬಾದಾಮಿ, ಸೋಪು, ಎರಡು ಕಂಬಳಿ ಇದ್ದವು. ನನಗೆ ತಲೆಬುಡ ತಿಳಿಯಲಿಲ್ಲ. "ಇದೆಲ್ಲ ಅಲ್ಲಿ ಯಾರಿಗೆ ಕೊಡೋದು?" ಎಂದೆ.

ಅವರು ಹಗ್ಗ ಎಳೆಯುವುದನ್ನು ನಿಲ್ಲಿಸಿ ಯೋಚಿಸಿದರು. ಆ ಪ್ರಶ್ನೆಯನ್ನು ಅವರು ಕೇಳಿಕೊಂಡಿರಲೇ ಇಲ್ಲ ಎಂದು ಮುಖ ನೋಡಿದರೆ ಗೊತ್ತಾಗುತ್ತಿತ್ತು. "ಯಾರಿಗಾದ್ರೂ ಬೇಕಾಗ್ತದೆ," ಎಂದು ಮತ್ತೆ ಗಂಟು ಹಾಕಲು ಕೂತರು.

ಅಡುಗೆ ಮನೆಯಲ್ಲಿ ವಾರಿಜಾ ಬಾಯಿಗೆ ಸೆರಗು ಒತ್ತಿಕೊಂಡು ನಗುತ್ತಿದ್ದಳು. ಲೀವ್ ಸ್ಯಾಂಕ್ಷನ್ ಆಯಿತು ಎಂದರೆ ಸಾಕು, ಅವರ ಕೈ ತಾನಾಗಿಯೇ ಪೆಟ್ಟಿಗೆ ಹುಡುಕುತ್ತದಂತೆ. "ಕಟ್ಲಿ ಪಾಪ. ಕೊನೆಗೆ ಇಲ್ಲೇ ಬಿಟ್ಟು ಹೋದ್ರಾಯ್ತು," ಎಂದಳು.

ಮಾರನೇ ದಿನ ಕರಿಬೇವು ತರುತ್ತೇನೆಂದು ಕೆಳಗಿಳಿದು ದಾರಿ ತಪ್ಪಿಸಿಕೊಂಡೆ. ಕಟ್ಟಡಗಳೆಲ್ಲ ಒಂದೇ ಥರ, ಕೆಳಗೆ ಅಂಗಡಿ, ಮೇಲೆ ಕಿಟಕಿ. ವಾರಿಜಾಗೆ ಫೋನು ಮಾಡಿದರೆ, ಹಳೇ ಬಟ್ಟೆ ಅಂಗಡಿಯ ಹಿಂದಿನ ಗಲ್ಲಿ ಎಂದಳು. ದಾರಿಯಲ್ಲಿ ಹೋಗುವವರನ್ನು ಕೇಳಿದರೆ ಆ ಬಟ್ಟೆ ಅಂಗಡಿ ಮುಚ್ಚಿ ಎಂಟು ವರ್ಷವಾಯಿತು ಎಂದರು. ಈ ವಿಷಯದಲ್ಲಿ ಮಾತ್ರ ನನಗೆ ಮೈಸೂರಿನಲ್ಲೇ ಇದ್ದ ಹಾಗೆ ಅನ್ನಿಸಿತು. ನಮ್ಮಲ್ಲೂ ಇಲ್ಲದ ಟಾಕೀಸು, ಕಡಿದ ಮರಗಳ ಗುರುತು ಹೇಳಿಯೇ ವಿಳಾಸ ಕೊಡುತ್ತಾರೆ. ಹೊರಗೆ ಬೆವರು ಸುರಿಸಿಕೊಂಡು, ಒಳಗೆ ಏಸಿಗೆ ಸ್ವೆಟರ್ ಹಾಕಿಕೊಂಡು, ನನ್ನ ಮೈಗೂ ಯಾವ ಕಾಲ ಎಂದು ತಿಳಿಯದಂತಾಗಿತ್ತು.

ದುಬೈ, ಟಿಕೆಟ್ ಅಂಗಡಿ

ಟಿಕೆಟ್ಟಿನ ವ್ಯವಹಾರಕ್ಕೆ ನಾನೂ ವಾರಿಜಾಳೂ ಬಸ್ಸಿನಲ್ಲಿ ದುಬೈಗೆ ಹೋದೆವು. ದಿಶಾ ಅಲ್ಲೇ ಬಂದು ಸೇರಿಕೊಂಡಳು. ಸದಾನಂದರು ಇಷ್ಟೂ ವರ್ಷ ಟಿಕೆಟ್ ಮಾಡಿಸಿದ ಏಜೆಂಟರು ಕಾಸರಗೋಡಿನ ಕಡೆಯವರು, ಚೆನ್ನಾಗಿ ಕನ್ನಡ ಮಾತಾಡುತ್ತಿದ್ದರು. ಹೆಸರು ಹೇಳುತ್ತಿದ್ದಂತೆ ಕಂಪ್ಯೂಟರಿನಲ್ಲಿ ಏನೇನೋ ಒತ್ತಿ, ಒಂದು ಹಾಳೆ ತೆಗೆದು ಮುಂದಿಟ್ಟರು. ಮೂರು ಜನ, ಅಬುಧಾಬಿಯಿಂದ ಮಂಗಳೂರು.

"ಮಂಗಳೂರಲ್ಲ," ಎಂದಳು ವಾರಿಜಾ.

"ಹಾಗಾದ್ರೆ ಬೆಂಗಳೂರಾ?"

"ಟ್ರಿನಿಡಾಡ್ ಅಂಡ್ ಟೊಬಾಗೊ, ಅಂಕಲ್," ಎಂದಳು ದಿಶಾ.

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು ವಾರಿಜಾಳನ್ನೇ ನೋಡಿದರು. ಆಮೇಲೆ ದನಿ ತಗ್ಗಿಸಿ, "ಊರಲ್ಲಿ ಎಂತಾದ್ರೂ ಪಾಲು ಗೀಲು ಅಂತ ಮಾತಾಯ್ತಾ ಅಕ್ಕ? ನಾನು ಬೇಕಾದ್ರೆ ಸದಾನಂದಣ್ಣನ ಹತ್ರ ಮಾತಾಡ್ತೇನೆ," ಎಂದರು. ಜಗಳವಾಗದೆ ಯಾರಾದರೂ ಲೀವಿನಲ್ಲಿ ಊರು ಬಿಟ್ಟು ಬೇರೆ ಕಡೆ ಹೋದಾರೆಯೇ ಎಂಬುದು ಅವರ ಪ್ರಾಮಾಣಿಕ ಚಿಂತೆ.

ಅಲ್ಲಿಂದ ಶುರುವಾಯಿತು ನೋಡಿ ನನ್ನ ಗೊಂದಲ. ಆ ದ್ವೀಪಗಳಿಗೆ ನಮ್ಮ ಪಾಸ್‌ಪೋರ್ಟಿನವರಿಗೆ ವೀಸಾ ಬೇಡವಂತೆ. ಆದರೆ ದಾರಿಯಲ್ಲಿ ವಿಮಾನ ಬದಲಿಸುವ ಊರಿಗೆ ವೀಸಾ ಬೇಕಂತೆ. ಆ ಊರನ್ನು ನೋಡುವುದಿಲ್ಲ, ಅದರ ನೀರೂ ಕುಡಿಯುವುದಿಲ್ಲ, ಬರೇ ಒಂದು ಬಾಗಿಲಿನಿಂದ ಇನ್ನೊಂದು ಬಾಗಿಲಿಗೆ ನಡೆಯುವುದಕ್ಕೆ ಬೆರಳಚ್ಚು, ಫೋಟೊ, ಅರ್ಜಿ. "ಹೋಗೋ ಊರಿಗೆ ಬೇಡ, ಹೋಗದ ಊರಿಗೆ ಬೇಕು ಅಂದ್ರೆ ಏನು?" ಎಂದು ಕೇಳಿದೆ. "ಆಂಟಿ, ದಟ್ಸ್ ಹೌ ಟ್ರಾನ್ಸಿಟ್ ವರ್ಕ್ಸ್," ಎಂದಳು ದಿಶಾ. ನನ್ನ ಕ್ಲಾಸಿನ ಹಿಂದಿನ ಬೆಂಚಿನವರು ನನ್ನ ಪಾಠ ಕೇಳಿ ತಲೆಯಾಡಿಸುತ್ತಿದ್ದ ಹಾಗೆಯೇ ನಾನೂ ತಲೆಯಾಡಿಸಿದೆ.

ಎರಡು ದ್ವೀಪಗಳ ನಡುವೆ ಅರ್ಧ ಗಂಟೆಯೂ ಹಿಡಿಯದ ಸಣ್ಣ ವಿಮಾನ, ದಿನಕ್ಕೆ ಹಲವು ಸಲ. ಟ್ರಿನಿಡಾಡ್ ದೊಡ್ಡದು, ಪೇಟೆ, ಗದ್ದಲ. ಟೊಬಾಗೊ ಸಣ್ಣದು, ಬರೇ ಸಮುದ್ರ. ದೊಡ್ಡದರಲ್ಲಿ ನಾಲ್ಕು ದಿನ, ಸಣ್ಣದರಲ್ಲಿ ಎಂಟು ದಿನ ಎಂದು ದಿಶಾ ಎರಡು ಬಣ್ಣದಲ್ಲಿ ಅಚ್ಚು ಮಾಡಿ ಕೊಟ್ಟ ಹಾಳೆಯನ್ನು ವಾರಿಜಾ ತಂದು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದಳು. ಸಣ್ಣ ದ್ವೀಪದ ಎಂಟೂ ದಿನಗಳ ಎದುರು ದಿಶಾ ಏನೂ ಬರೆದಿರಲಿಲ್ಲ. ನೀರು ತೆಗೆಯಲು ಹೋದಾಗಲೆಲ್ಲ ವಾರಿಜಾ ಆ ಖಾಲಿ ಜಾಗವನ್ನು ಒಂದು ನಿಮಿಷ ನೋಡುತ್ತಾ ನಿಲ್ಲುತ್ತಿದ್ದಳು.

ಮುಸಫ್ಫಾ

ಶನಿವಾರ ಸದಾನಂದರು ನನಗೆ ತಮ್ಮ ಸ್ಟೋರು ತೋರಿಸಲು ಕರೆದುಕೊಂಡು ಹೋದರು. ಮುಸಫ್ಫಾದಲ್ಲಿ ಎಲ್ಲಿ ನೋಡಿದರೂ ಶೆಡ್ಡು, ಕ್ರೇನು, ಕಂಪೆನಿ ಬಸ್ಸು, ಬೆಸುಗೆಯ ಕಿಡಿ. ಆದರೆ ಇವರ ಸ್ಟೋರು ನಮ್ಮ ಶಾಲೆಯ ಪ್ರಯೋಗಾಲಯಕ್ಕಿಂತ ಚೊಕ್ಕಟವಾಗಿತ್ತು. ನಟ್ಟು, ಬೋಲ್ಟು, ಕೈಗವಸು ಎಲ್ಲಕ್ಕೂ ಒಂದೊಂದು ಡಬ್ಬಿ, ಡಬ್ಬಿಗೊಂದು ನಂಬರು, ನಂಬರಿಗೊಂದು ಚೀಟಿ. "ಚೀಟಿ ಇಲ್ಲದೆ ನನ್ನ ಹತ್ರ ಎಂತದ್ದೂ ಹೊರಗೆ ಹೋಗುದಿಲ್ಲ ಟೀಚ್ರೇ. ಮ್ಯಾನೇಜರ್ ಬಂದ್ರೂ ಮಾಫಿ, ಇಲ್ಲ ಅಂದ್ರೆ ಇಲ್ಲ," ಎಂದು ಹೆಮ್ಮೆಯಿಂದ ಕೈ ಆಡಿಸಿದರು.

ಟೀ ಹೇಳಲು ಅವರು ಹೊರಗೆ ಹೋದಾಗ ಮೇಜಿನ ಮೇಲೆ ಅಂಥದ್ದೇ ಒಂದು ಚೀಟಿ ಕಂಡಿತು. ಕನ್ನಡದಲ್ಲಿ ಬರೆದಿದ್ದರಿಂದ ಕಣ್ಣು ತಾನಾಗಿಯೇ ಓದಿತು.

ಭಾನುವಾರ ಮಧ್ಯಾಹ್ನ, ವಿಠಲನ ಮನೆ. ಸೋಮವಾರ, ವಿಠಲನ ಮ್ಯಾನೇಜರ್ ಮನೆ. ಮಂಗಳವಾರ ಸತ್ಯನಾರಾಯಣ ಪೂಜೆ, ನಲವತ್ತು ಜನ, ಕೋಳಿ ಸಾರು ಮರುದಿನಕ್ಕೆ. ಹೀಗೇ ಹನ್ನೊಂದು ದಿನ. ಹನ್ನೆರಡನೆಯದರ ಎದುರು, "ರೆಸ್ಟ್, ಅಥವಾ ಪ್ಯಾಕಿಂಗ್."

ಟೀ ತಂದವರು ನನ್ನ ಕೈಯಲ್ಲಿ ಚೀಟಿ ನೋಡಿ ಮುಚ್ಚಿಡಲು ಹೋಗಲಿಲ್ಲ. ಬದಲು ಮುಖ ಅರಳಿತು. ವಿಠಲ ಎಂಬವರು ಮೊದಲು ಮದೀನತ್ ಜಾಯೆದ್ ಕಡೆ ಗ್ಯಾಸ್ ಕೆಲಸದಲ್ಲಿದ್ದವರಂತೆ. ಈಗ ಟ್ರಿನಿಡಾಡಿನಲ್ಲಿ ಅದೇ ಕೆಲಸ. ಹದಿನೆಂಟು ಜನರನ್ನು ವಿಚಾರಿಸಿ ಅವರ ನಂಬರು ಹುಡುಕಿದರಂತೆ ಸದಾನಂದರು.

"ಅಲ್ಲಿಯೂ ನಮ್ಮವರು ಇದ್ದಾರೆ ಅಂತ ಅವಳಿಗೆ ಹೇಳ್ಳಿಲ್ಲ. ಸರ್‌ಪ್ರೈಸ್," ಎಂದರು.

ನಾನು ಚೀಟಿಯನ್ನು ಇದ್ದಲ್ಲೇ ಇಟ್ಟೆ. ಹೇಳಿದರೆ ಅವರ ಸಂತೋಷ ಕೆಡುತ್ತದೆ, ಹೇಳದಿದ್ದರೆ ಇವಳದ್ದು. ಗಂಡ ಹೆಂಡತಿಯ ನಡುವೆ ನನಗೇನು ಕೆಲಸ ಎಂದು ಬಾಯಿ ಮುಚ್ಚಿಕೊಂಡೆ. ಅದು ಜಾಣತನವಲ್ಲ, ಹೇಡಿತನ. ಈಗಲೂ ಅದಕ್ಕೆ ನನಗೆ ನಾಚಿಕೆಯಿದೆ.

ಮದೀನತ್ ಜಾಯೆದ್

ಮಾರನೇ ದಿನ ಮೂವರೂ ಮದೀನತ್ ಜಾಯೆದ್‌ಗೆ ಹೊರಟೆವು. ಎರಡು ಗಂಟೆಯ ದಾರಿ, ಇಬ್ಬದಿಗೂ ಮರಳು. ಯಾರೋ ಊರಿನವರು ಊಟಕ್ಕೆ ಕರೆದಿದ್ದಾರೆ ಎಂದಷ್ಟೇ ವಾರಿಜಾಗೆ ಗೊತ್ತು.

ಕರೆದವರು ವಿಠಲನ ಭಾವ. ಊಟ ಭರ್ಜರಿಯಾಗಿತ್ತು. ಕೈ ತೊಳೆದು ಬರುವಷ್ಟರಲ್ಲಿ ಬಾಗಿಲ ಹತ್ತಿರ ಮೂರು ಹೊಸ ಪೆಟ್ಟಿಗೆ ಬಂದು ಕೂತಿದ್ದವು. ಒಂದರಲ್ಲಿ ಹಲಸಿನ ಹಪ್ಪಳ, ಒಂದರಲ್ಲಿ ಒಣ ರೊಟ್ಟಿಯ ಪ್ಯಾಕೆಟ್ಟುಗಳು. ಮೂರನೆಯದರಲ್ಲಿ ಹಳೆಯ ಸೀರೆಯಲ್ಲಿ ಸುತ್ತಿದ ಒಂದು ತುರಿಮಣೆ. ಗಲ್ಫಿನಲ್ಲಿ ವಿಮಾನ ಹತ್ತುವವರ ಕೈಗೆ ಪಾರ್ಸೆಲ್ ಕೊಡದೆ ಕಳಿಸುವುದೆಂದರೆ ನಮ್ಮಲ್ಲಿ ಮನೆಗೆ ಬಂದ ಮುತ್ತೈದೆಯನ್ನು ಕುಂಕುಮ ಕೊಡದೆ ಕಳಿಸಿದ ಹಾಗೆ.

"ಅಲ್ಲಿ ತೆಂಗಿನಕಾಯಿ ಬೇಕಾದಷ್ಟು ಉಂಟಂತೆ, ತುರಿಮಣೆ ಮಾತ್ರ ಇಲ್ಲ," ಎಂದರು ಆ ಭಾವ. "ವಾರಿಜಕ್ಕ, ನೀವು ಬರುದು ಕೇಳಿ ವಿಠಲನ ಹೆಂಡತಿಗೆ ಖುಷಿಯೋ ಖುಷಿ. ನಲವತ್ತು ಜನರನ್ನು ಕರೆದಿದ್ದಾಳೆ. ಕೋರಿ ರೊಟ್ಟಿ ತಿನ್ನದೆ ಅವರಿಗೆಲ್ಲ ಎಷ್ಟು ವರ್ಷ ಆಯ್ತು! ನೀವೇ ಮಾಡ್ಬೇಕಂತೆ."

ವಾರಿಜಾ ಒಮ್ಮೆ ಪೆಟ್ಟಿಗೆ ನೋಡಿದಳು, ಒಮ್ಮೆ ಗಂಡನನ್ನು. ಸದಾನಂದರು ನಗುತ್ತಾ ನಿಂತಿದ್ದರು. "ಹೌದಾ? ಒಳ್ಳೇದಾಯ್ತು," ಎಂದು ಅವಳೂ ನಕ್ಕಳು. ಆ ನಗು ನನಗೆ ಗೊತ್ತು. ಹಾಸ್ಟೆಲಿನಲ್ಲಿ ಪರೀಕ್ಷೆಯ ಫಲಿತಾಂಶ ನೋಡಿ ಬಂದು, ನಾನು ಫೇಲಾದೆ ಎನ್ನುವಾಗಲೂ ಹಾಗೇ ನಕ್ಕಿದ್ದಳು.

ವಾಪಸ್ಸು ಬರುವಾಗ ಅರ್ಧ ದಾರಿಯಲ್ಲಿ ವಾರಿಜಾ ಮಾತು ತೆಗೆದಳು. ಅವರಿಬ್ಬರು ತಮ್ಮೊಳಗೆ ತುಳುವಿನಲ್ಲಿ ಮಾತಾಡುವವರು. ಅವತ್ತು ಅವಳು ಕನ್ನಡದಲ್ಲಿ ಶುರು ಮಾಡಿದಾಗ, ನಾನೂ ಸಾಕ್ಷಿಯಾಗಿರಬೇಕೆಂದೇ ಹೇಳುತ್ತಿದ್ದಾಳೆ ಎಂದು ತಿಳಿಯಿತು.

"ನೋಡಿ, ದ್ವೀಪ ಎರಡು ಉಂಟು. ದೊಡ್ಡದು ನಿಮಗೆ, ಸಣ್ಣದು ನನಗೆ. ನಿಮ್ಮ ವಿಠಲ, ನಿಮ್ಮ ಪೆಟ್ಟಿಗೆ, ನಿಮ್ಮ ಪೂಜೆ ಎಲ್ಲ ದೊಡ್ಡದರಲ್ಲಿ ಮಾಡಿಕೊಳ್ಳಿ. ನಾನು, ಲಲಿತಾ ಇಬ್ಬರೇ ಸಣ್ಣದಕ್ಕೆ ಹೋಗ್ತೇವೆ."

"ಬೇರೆ ಬೇರೆಯಾ?" ಸದಾನಂದರು ಗಾಡಿಯ ವೇಗ ತಗ್ಗಿಸಿದರು. "ಜನ ಎಂತ ಹೇಳ್ಯಾರು ವಾರಿಜಾ?"

"ಹೇಳುವ ಜನ ಇಲ್ಲ ಅಂತಲೇ ನಾನು ಅಲ್ಲಿಗೆ ಹೊರಟದ್ದು," ಎಂದು ಅವಳು ಕಿಟಕಿಯ ಕಡೆ ತಿರುಗಿದಳು. ಕಣ್ಣು ಒರೆಸಿಕೊಂಡದ್ದು ಕಂಡಿತು. ನಾನು ಹಿಂದಿನ ಸೀಟಿನಿಂದ ಅವಳ ಭುಜದ ಮೇಲೆ ಕೈಯಿಟ್ಟೆ.

ನನ್ನ ವೀಸಾ

ಆ ವಾರವೇ ನನ್ನ ಕಥೆ ಮುಗಿಯಿತು. ಅವರಿಬ್ಬರೂ ಇಲ್ಲಿ ವಾಸ ಇರುವವರು, ದಾರಿಯ ಊರಿನ ವೀಸಾ ಸಿಕ್ಕಿತು. ನಾನು ವಿಸಿಟ್ ವೀಸಾದಲ್ಲಿ ಬಂದವಳು. ಅರ್ಜಿಯನ್ನು ನಿಮ್ಮ ದೇಶದಲ್ಲೇ ಹಾಕಿ ಎಂದು ಕಾಗದಗಳನ್ನು ವಾಪಸ್ಸು ಕೊಟ್ಟರು. "ಸಾರಿ ಆಂಟಿ, ಐ ಶುಡ್ ಹ್ಯಾವ್ ಚೆಕ್ಡ್," ಎಂದು ದಿಶಾ ಫೋನಿನಲ್ಲಿ ಅಳುವುದೊಂದು ಬಾಕಿ. ನನಗೆ ಬೇಸರವಾಗಲಿಲ್ಲ ಎಂದರೆ ಸುಳ್ಳು. ಹೊಸ ಹತ್ತಿ ಸೀರೆ ಎರಡು ತಂದಿದ್ದೆ, ಸಮುದ್ರದಲ್ಲಿ ಒದ್ದೆ ಮಾಡಲಿಕ್ಕೆಂದೇ.

ಸದಾನಂದರ ಮುಖದಲ್ಲಿ ಮಾತ್ರ ಬೆಳಕು ಬಂತು. "ಖಲಾಸ್. ಟೀಚ್ರಿಗೆ ಪಾಪ ಹೀಗಾಗ್ಬಾರ್ದಿತ್ತು. ಆದ್ರೆ ಇನ್ನು ನಾವು ಒಟ್ಟಿಗೇ ಹೋಗುವ," ಎಂದರು.

ವಾರಿಜಾ ಬೀನ್ಸ್ ಹೆಚ್ಚುತ್ತಿದ್ದಳು. ತಲೆ ಎತ್ತಲಿಲ್ಲ. "ಸಣ್ಣದಕ್ಕೆ ನಾನು ಒಬ್ಳೇ ಹೋಗ್ತೇನೆ," ಎಂದಳು.

ಆಮೇಲೆ ಬಾಲ್ಕನಿಯಲ್ಲಿ ಬಟ್ಟೆ ಮಡಿಸುವಾಗ ನನ್ನೊಬ್ಬಳ ಹತ್ತಿರ ಹೇಳಿದಳು. "ಹೆದರಿಕೆ ಆಗ್ತದೆ ಲಲಿತಾ. ಹೋಟೆಲಲ್ಲಿ ಒಬ್ಳೇ ಕೂತು ಊಟ ಮಾಡಿದವಳಲ್ಲ ನಾನು. ಒಂದು ರೂಮಲ್ಲಿ ಒಬ್ಳೇ ಮಲಗಿದ್ದೂ ಇಲ್ಲ, ಮೊದಲು ಅಕ್ಕ ತಂಗಿ, ಮತ್ತೆ ನೀನು, ಮತ್ತೆ ಇವರು. ಆದ್ರೆ ಈಗ ಬಿಟ್ರೆ ಮತ್ತೆ ನಾನು ಹೋಗುದಿಲ್ಲ. ಅದು ನಂಗೆ ಗೊತ್ತುಂಟು."

ಎರಡು ದಿನ ಸದಾನಂದರು ಪೆಟ್ಟಿಗೆಗಳ ಹಗ್ಗ ಬಿಚ್ಚಿ ಮತ್ತೆ ಕಟ್ಟಿದರು. ಮೂರನೇ ದಿನ ಬೆಳಿಗ್ಗೆ, ವಾರಿಜಾ ಸ್ನಾನಕ್ಕೆ ಹೋದಾಗ, ನನ್ನ ಎದುರು ಬಂದು ಕೂತರು.

"ಟೀಚ್ರೇ, ಒಂದು ವಿಷಯ. ಅವಳು ಆ ಸಣ್ಣ ದ್ವೀಪದಲ್ಲಿ ಇಳೀತಾಳಲ್ಲ, ಏರ್‌ಪೋರ್ಟಿಗೆ ಯಾರು ಬರುದು?"

"ಟ್ಯಾಕ್ಸಿ ಇರತ್ತಲ್ಲ," ಎಂದೆ.

"ಟ್ಯಾಕ್ಸಿ ಅಲ್ಲ. ಯಾರು?"

ಆಗ ಹೇಳಿದರು. ಮೊದಲ ಸಲ ಅವರು ಅಬುಧಾಬಿಗೆ ಬಂದಿಳಿದಾಗ ಕಂಪೆನಿಯವರು ಯಾರೂ ಕರೆದುಕೊಂಡು ಹೋಗಲು ಬರಲಿಲ್ಲವಂತೆ, ಮರೆತಿದ್ದರಂತೆ. ಬೆಳಿಗ್ಗೆಯಿಂದ ಸಂಜೆಯವರೆಗೆ ಬ್ಯಾಗು ಹಿಡಿದು ಹೊರಗೆ ನಿಂತಿದ್ದರು. ಬಾತ್‌ರೂಮಿಗೂ ಹೋಗಲಿಲ್ಲ, ಅಷ್ಟರಲ್ಲಿ ಬಂದು ಹುಡುಕಿ ಹೋದರೆ ಎಂದು. ಆ ದಿನದ ಮೇಲೆ ಗುರುತಿದ್ದವರು ಯಾರು ಬರುತ್ತಾರೆಂದು ಗೊತ್ತಾದರೂ ಇವರು ಹೋಗಿ ನಿಲ್ಲುತ್ತಾರೆ. "ನಂಗೆ ಸಮುದ್ರ ಬೇಡ, ಪೂಜೆಯೂ ಬೇಡ ಟೀಚ್ರೇ. ಇಳಿದ ಕಡೆ ಗುರ್ತದ ಒಂದು ಮುಖ ಬೇಕು. ಅದಕ್ಕೇ ಆ ವಿಠಲನನ್ನು ಹುಡುಕಿದ್ದು. ಅವ ನಲವತ್ತು ಜನರನ್ನು ಕರೀತಾನೆ ಅಂತ ನಂಗೆಂತ ಗೊತ್ತು?"

ಆಮೇಲೆ ಅವರೇ ತಮ್ಮ ಯೋಜನೆ ಬಿಚ್ಚಿಟ್ಟರು. ದೊಡ್ಡ ದ್ವೀಪದಿಂದ ಸಣ್ಣದಕ್ಕೆ ಹೋಗುವ ಬೆಳಗಿನ ವಿಮಾನದಲ್ಲಿ ತಾವು ಮೊದಲು ಹೋಗುವುದು. ವಾರಿಜಾ ಅದರ ಮುಂದಿನದ್ದರಲ್ಲಿ ಬರುವುದು. ಅವಳನ್ನು ಟ್ಯಾಕ್ಸಿ ಹತ್ತಿಸಿ ತಾವು ಮತ್ತೊಂದು ವಿಮಾನದಲ್ಲಿ ವಾಪಸ್ಸು.

"ಅಲ್ಲಾ, ಇಬ್ಬರೂ ಒಂದೇ ವಿಮಾನದಲ್ಲಿ ಹೋಗಿ, ನೀವು ಅಲ್ಲಿಂದ ವಾಪಸ್ಸು ಬರಬಹುದಲ್ಲ?" ಎಂದೆ.

ಸದಾನಂದರು ನನ್ನನ್ನು ಮರುಕದಿಂದ ನೋಡಿದರು. "ಒಟ್ಟಿಗೆ ಬಂದವ ಕಾಯ್ಲಿಕ್ಕೆ ಬಂದವ ಆಗುದಿಲ್ಲ ಟೀಚ್ರೇ."

ವಾರಿಜಾಗೆ ಇದನ್ನು ಹೇಳಿದ್ದು ದಿಶಾ, ಟಿಕೆಟ್ ಬದಲಿಸುವಾಗ. ಅದಕ್ಕೆ ವಾರಿಜಾ, "ಬರ್ಲಿ. ಊಟಕ್ಕೆ ಮಾತ್ರ ನಿಲ್ಲುದು ಬೇಡ," ಎಂದಳಂತೆ.

ಮೂರನೇ ಮಹಡಿ

ಅವರು ಹೊರಟರು. ನನ್ನ ವಾಪಸ್ಸು ಟಿಕೆಟ್ಟಿನ ತಾರೀಖು ಬದಲಾಗುವಂತಿರಲಿಲ್ಲ. ಹೀಗಾಗಿ ದ್ವೀಪ ನೋಡಲು ಬಂದವಳು ಹನ್ನೆರಡು ದಿನ ಅವರ ಮನೆಯ ತುಳಸಿಗೆ ನೀರು ಹಾಕಿಕೊಂಡು ಉಳಿದೆ. ದಿಶಾ ಒಂದು ಶನಿವಾರ ಬಂದು ನನಗೆ ಸಮುದ್ರ ತೋರಿಸಿದಳು. ಅಬುಧಾಬಿಯ ಸಮುದ್ರ. ಒಂದು ಸೀರೆಯನ್ನು ಅಲ್ಲೇ ಒದ್ದೆ ಮಾಡಿದೆ.

ವಾರಿಜಾ ಸಣ್ಣ ದ್ವೀಪ ಸೇರಿದ ಮಾರನೇ ದಿನ ಸಂಜೆ ನಾಲ್ಕಕ್ಕೆ ನಾನು ಫೋನು ಮಾಡಿದೆ. ಅಲ್ಲಿ ಬೆಳಿಗ್ಗೆ ಎಂಟು.

"ಬಂದಿದ್ರಾ?" ಎಂದೆ.

"ಬಂದಿದ್ರು. ಹೊರಗೆ ಡ್ರೈವರುಗಳ ಸಾಲಲ್ಲಿ ನಿಂತಿದ್ರು, ಹೆಸರು ಬರೆದ ಕಾಗದ ಹಿಡ್ಕೊಂಡು. ನಾನು ನೋಡ್ತೇನೆ, ವಾರಿಜಾ ಅಂತ ಬರೆದದ್ದು. ಬ್ಯಾಗ್ ತಕ್ಕೊಂಡ್ರು, ಟ್ಯಾಕ್ಸಿಯಲ್ಲಿ ಇಟ್ರು. ಜಾಗ್ರತೆ ಅಂದ್ರು. ಹೋದ್ರು." ಆ ಕಡೆ ಕುರ್ಚಿ ಎಳೆದುಕೊಂಡ ಸದ್ದಾಯಿತು. "ನಾನೇ ನಿಲ್ಲಿ ಅಂತ ಹೇಳಿಬಿಡ್ತಿದ್ದೆ ಮಾರಾಯ್ತಿ. ಬಾಯಿಯವರೆಗೆ ಬಂದಿತ್ತು."

"ಈಗೇನು ಮಾಡ್ತಿದ್ದೀಯ?"

"ಎಂತ ಇಲ್ಲ. ಕೂತಿದ್ದೇನೆ." ಹಿಂದೆ ಸಮುದ್ರದ ಸದ್ದು ಕೇಳುತ್ತಿತ್ತು. "ಲಲಿತಾ, ಬೇಜಾರು ಮಾಡ್ಬೇಡ. ಇನ್ನು ನಾನೇ ಮಾಡುವ ತನಕ ನೀನೂ ಫೋನ್ ಮಾಡ್ಬೇಡ, ಆಯ್ತಾ?"

ಆಯಿತು ಎಂದೆ. ಸ್ವಲ್ಪ ಚುಚ್ಚಿತು. ಅವಳನ್ನು ಹೆಸರು ಹಿಡಿದು ಕರೆಯುವವಳು ನಾನು, ಆದರೂ ಕರೆಯುವವಳೇ ಅಲ್ಲವೇ?

ಅದಾದ ಮೇಲೆ ದಿನಾ ಸಂಜೆ ದೊಡ್ಡ ದ್ವೀಪದಿಂದ ಸದಾನಂದರ ಫೋನು ಬರುತ್ತಿತ್ತು. ಹಿಂದೆ ವಿಠಲನ ಮನೆಯ ಗದ್ದಲ, ಪಾತ್ರೆಗಳ ಸದ್ದು, ಯಾರದೋ ನಗು. ಅವರದ್ದು ಒಂದೇ ಪ್ರಶ್ನೆ.

"ಟೀಚ್ರೇ, ಅವಳು ಫೋನ್ ಮಾಡಿದ್ಳಾ?"

"ಇಲ್ಲ," ಎಂದೆ, ಆರನೇ ದಿನವೂ.

"ಹಾಗಾದ್ರೆ ಅವಳು ಖುಷಿಯಲ್ಲಿದ್ದಾಳೆ," ಎಂದು ಸದಾನಂದರು ಫೋನು ಇಟ್ಟರು.